ಬೆಕ್ಕಿನ ಟಾನಿಕ್ಕು

ನಮ್ಮ ಮನೆಯ ಬೆಕ್ಕು ಶುದ್ಧ ಸಸ್ಯಾಹಾರಿ ಎಂದು ಅವ್ವ ಆರು ವರ್ಷಗಳಿಂದ ಓಣಿಗೆಲ್ಲ ಸಾರಿಕೊಂಡು ಬಂದಿದ್ದಳು. ಹಾಲು, ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ, ಹಬ್ಬವಿದ್ದರೆ ಒಂದು ಚೂರು ಹೋಳಿಗೆ, ಇಷ್ಟೇ ಅದರ ಊಟ. ಇಲಿಯನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಹಾಗಾದರೆ ಜೋಳದ ಚೀಲಗಳಿಟ್ಟ ಕೋಣೆಯಲ್ಲಿ ಒಂದೇ ಒಂದು ಇಲಿಯೂ ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ. ನಾನು ಕೋಗಳಿಯ ಆಚೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆಹಾರ ಸರಪಳಿಯ ಪಾಠವನ್ನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತೇನೆ. ಮನೆಯಲ್ಲಿ ಮಾತ್ರ ನಾನೂ ಕೇಳಲಿಲ್ಲ.

ಕೇಳುವ ಯೋಗ್ಯತೆಯೂ ನನಗಿರಲಿಲ್ಲ. ನಾವು ಲಿಂಗ ಕಟ್ಟಿದವರು. ಅವ್ವ ಲಿಂಗಪೂಜೆಯಾಗದೆ ಒಂದು ತೊಟ್ಟು ನೀರು ಕುಡಿಯುವವಳಲ್ಲ. ನಮ್ಮ ಅಡುಗೆಮನೆಯೊಳಗೆ ಮೊಟ್ಟೆ ಎಂಬ ಶಬ್ದವನ್ನೂ ಆಡುವಂತಿಲ್ಲ, ಮೊಟ್ಟೆಯಂತೂ ದೂರದ ಮಾತು. ನಾನಾದರೋ ಹಗರಿಬೊಮ್ಮನಹಳ್ಳಿಗೆ ಮೀಟಿಂಗಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಹಿಂದಿನ ಕೈಗಾಡಿಯಲ್ಲಿ ಎರಡು ಆಮ್ಲೆಟ್ ತಿಂದು, ಸೋಂಪು ಅಗಿದು, ಮೀಸೆ ಒರೆಸಿಕೊಂಡು, ವಿಭೂತಿ ಸರಿಮಾಡಿಕೊಂಡು ಕೊಟ್ಟೂರಿನ ಬಸ್ ಹತ್ತುವವನು. ಆ ಗಾಡಿಯ ಹತ್ತಿರ ನಮ್ಮವರು ಎಷ್ಟೋ ಜನ ಸಿಗುತ್ತಾರೆ. ಅಲ್ಲಿ ಯಾರಿಗೂ ಯಾರ ಗುರುತೂ ಹತ್ತುವುದಿಲ್ಲ. ಅದು ನಮ್ಮ ಕಡೆಯ ಮರ್ಯಾದೆ.

ಕೊಟ್ಟೂರಿನ ನಮ್ಮ ಮನೆ ಹಳೆಯ ಮಣ್ಣಿನ ಮಾಳಿಗೆಯದು. ನಡುಮನೆಗೆ ಬೆಳಕು ಬರಲು ಮಾಳಿಗೆಯಲ್ಲಿ ಒಂದು ಚೌಕದ ಗವಾಕ್ಷಿ ಇದೆ. ಬೆಕ್ಕು ಹೋಗಿಬರುವ ದಾರಿಯೂ ಅದೇ. ಮಧ್ಯಾಹ್ನ ಅಲ್ಲಿಂದ ದೊಪ್ಪೆಂದು ಜೋಳದ ಚೀಲದ ಮೇಲೆ ಇಳಿದು, ಅಲ್ಲಿಂದ ಅವ್ವನ ಕೌದಿಯ ಮೇಲೆ ಬಂದು ಮಲಗುತ್ತಿತ್ತು. ಆ ವರ್ಷ ಮಂಗಗಳ ಕಾಟ ಹೆಚ್ಚಾಯಿತು. ಗವಾಕ್ಷಿಯಿಂದ ಕೈ ಇಳಿಬಿಟ್ಟು ಒಣಗಿಸಿದ ಹಪ್ಪಳ ಎಳೆದುಕೊಂಡು ಹೋಗತೊಡಗಿದವು. ನಾನು ವಿಜ್ಞಾನದ ಮೇಷ್ಟ್ರಲ್ಲವೇ, ಬೆಳಕೂ ಬರಬೇಕು ಮಂಗವೂ ಬರಬಾರದು ಎಂದು ಯೋಚಿಸಿ ಒಂದು ನೀಲಿ ಫೈಬರ್ ಶೀಟು ತಂದು ಅದರ ಮೇಲೆ ಹೊದಿಸಿ ಅಂಚಿಗೆ ನಾಲ್ಕು ಕಲ್ಲು ಇಟ್ಟೆ. ಬೆಕ್ಕು ಎಲ್ಲಿಂದ ಬರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಭಾನುವಾರ. ಅವ್ವ ಗುಡಿಗೆ ಹೋಗಿದ್ದಳು. ಬೆಕ್ಕು ಎಂದಿನಂತೆ ಮಾಳಿಗೆಯ ಮೇಲೆ ಬಂತು, ನೀಲಿ ಶೀಟಿನ ಮೇಲೆ ಕಾಲಿಟ್ಟಿತು, ಜಾರಿತು. ಶೀಟು ಸೀಳಿ, ಬೆಕ್ಕು ಚೀಲದ ಮೇಲೆ ಬೀಳದೆ ಪಕ್ಕದ ಒರಳುಕಲ್ಲಿನ ಅಂಚಿಗೆ ಬಡಿದು ಬಿತ್ತು. ಹಿಂದಿನ ಎಡಗಾಲು ಬೇರೆಯವರದೆಂಬಂತೆ ತಿರುಗಿಕೊಂಡಿತ್ತು. ಅದು ಕೂಗಿದ ಕೂಗು ನನ್ನ ಕಿವಿಯಲ್ಲಿ ಈಗಲೂ ಇದೆ. ನಾನು ಮೊದಲು ಮಾಡಿದ ಕೆಲಸ ಬೆಕ್ಕನ್ನು ಎತ್ತಿಕೊಂಡದ್ದಲ್ಲ, ಶೀಟಿನ ಚೂರುಗಳನ್ನು ಗುಡಿಸಿ ತಿಪ್ಪೆಗೆ ಹಾಕಿದ್ದು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಆಮೇಲೆ ಉಳಿದಿದ್ದ ಇನ್ನೊಂದು ತುಂಡು ಶೀಟನ್ನು ಮೇಲೆ ಹೊದಿಸಿ ಬಂದೆ. ಅವ್ವ ಗುಡಿಯಿಂದ ಬಂದವಳು ಹೊಸ್ತಿಲಲ್ಲೇ ನಿಂತು, "ಏನಾತಲೇ ನನ್ನ ಯವ್ವಗ?" ಎಂದು ಕೂಗಿದಳು. ಬೆಕ್ಕಿಗೆ ಬೇರೆ ಹೆಸರಿರಲಿಲ್ಲ, ಅವ್ವ ಅದನ್ನು ಯವ್ವಾ ಎಂದೇ ಕರೆಯುತ್ತಿದ್ದಳು.

"ನಾಯಿ ಹಿಡಕೊಂಡಿತ್ತವ್ವ, ನಾನ ಬಿಡಿಸಿದೆ" ಎಂದೆ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಸುಳ್ಳಿನ ಜೊತೆಗೆ ಶೌರ್ಯವನ್ನೂ ಸೇರಿಸಿಕೊಂಡವನಿಗೆ ಏನು ಹೇಳಬೇಕು?

ಮರುದಿನ ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ದನದ ಆಸ್ಪತ್ರೆಗೆ ಹೋದೆ. ಸರದಿಯಲ್ಲಿ ಮೂರು ಎಮ್ಮೆ, ಒಂದು ಜೋಡಿ ಎತ್ತು, ಹೊಟ್ಟೆಯುಬ್ಬಿದ ಒಂದು ಟಗರು. ಎತ್ತಿನ ಯಜಮಾನ ನನ್ನ ಟವೆಲ್ಲಿನೊಳಗೆ ಇಣುಕಿ ನೋಡಿ, "ಮಾಸ್ತರ್ರ, ಇದು ದಿನಕ್ಕ ಎಷ್ಟು ಲೀಟರ್ ಕೊಡತೈತ್ರಿ?" ಎಂದು ಗಂಭೀರವಾಗಿ ಕೇಳಿದ. ಎಮ್ಮೆಯವರೆಲ್ಲ ನಕ್ಕರು. ನಾನು ಟಗರಿನ ಹಿಂದೆ ಸರಿದು ನಿಂತೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಹಳ ಮೃದುವಾಗಿ ಕಾಲು ಕೂಡಿಸಿ, ಪಟ್ಟಿ ಕಟ್ಟಿ, ಕೈ ತೊಳೆದುಕೊಂಡು ಬಂದು ಹೇಳಿದರು: "ಆರು ವಾರ ಜಿಗೀಬಾರದು, ಪಂಜರದಾಗ ಇಡ್ರಿ. ಕೋಳಿ ಎಲುಬು ಕುದಿಸಿದ ರಸ, ಅದರಾಗ ಹಿಚುಕಿದ ಕೋಳಿ ತುಂಡು, ದಿನಾ ಎರಡು ಹೊತ್ತು. ಬಹಳ ಸೊರಗೈತಿ ಇದು. ಹಾಲು ರೊಟ್ಟಿ ಮ್ಯಾಲ ಈ ಕಾಲು ಕೂಡಂಗಿಲ್ಲ, ಜೀವಾನೂ ನಿಲ್ಲಂಗಿಲ್ಲ."

"ಮೇಡಂ, ನಾವು ಲಿಂಗ ಕಟ್ಟಿದವ್ರು."

"ನೀವು ಕಟ್ಟೀರಿ. ಬೆಕ್ಕಿನ್ನ ಕೇಳಿದ್ರೇನು?" ಎಂದರು. ಅವರ ಹಣೆಯಲ್ಲೂ ನನಗಿಂತ ದಪ್ಪನೆಯ ವಿಭೂತಿ ಇತ್ತು.

ಪಕ್ಕದ ಮನೆಯವರು ಮುಸಲ್ಮಾನರು. ಗಂಡ ಬೈಕ್ ರಿಪೇರಿ ಮಾಡುತ್ತಾನೆ, ಹೆಂಡತಿ ಅವ್ವನ ಗೆಳತಿ. ಇಬ್ಬರ ಹಿತ್ತಲಿಗೆ ಒಂದೇ ಮೋಟುಗೋಡೆ. ನಮ್ಮ ಹೋಳಿಗೆ ಆ ಕಡೆ ಹೋಗುತ್ತದೆ, ಅವರ ಹಬ್ಬಕ್ಕೆ ಆ ಕಡೆಯಿಂದ ಬೇಯಿಸದ ಶ್ಯಾವಿಗೆ, ಒಣದ್ರಾಕ್ಷಿ, ಹೆಚ್ಚದ ಹಣ್ಣು ಈ ಕಡೆ ಬರುತ್ತದೆ. ಬೇಯಿಸಿದ್ದನ್ನು ಆಕೆ ಎಂದೂ ಕಳಿಸಿದವಳಲ್ಲ, ಅವ್ವ ಎಂದೂ ಕೇಳಿದವಳಲ್ಲ. ಅವರಿಬ್ಬರ ಸ್ನೇಹ ಆ ಗೆರೆಯ ಮೇಲೇ ಸೊಗಸಾಗಿ ನಿಂತಿತ್ತು. ಆ ಗೆರೆಯನ್ನು ದಾಟಿಸುವ ಕೆಲಸಕ್ಕೆ ನಾನು ಕೈಹಾಕಿದೆ.

ಆಕೆಯ ಗಂಡ ಖಾಲಿ ಇಂಜಿನ್ ಆಯಿಲ್ ಡಬ್ಬಿ ಕತ್ತರಿಸಿ, ಬೆಕ್ಕು ಪಟ್ಟಿ ನೆಕ್ಕದಂತೆ ಕೊರಳಿಗೆ ಒಂದು ಕಾಲರ್ ಮಾಡಿಕೊಟ್ಟ. ತನ್ನ ಕೋಳಿ ಪಂಜರವನ್ನೂ ತೊಳೆದು ಕೊಟ್ಟ. ಅವ್ವ ಪಂಜರದ ಸುತ್ತ ಒಂದು ಸುತ್ತು ಬಂದು, "ಇದು ಯಾತರದಲೇ?" ಎಂದಳು.

"ಗಿಳಿದವ್ವ."

"ಇಷ್ಟು ದೊಡ್ಡ ಗಿಳಿ?"

"ಜೋಡಿ ಗಿಳಿ" ಎಂದೆ. ಅವ್ವ ಅದರ ಮೇಲೆ ಗಂಜಲ ಚಿಮುಕಿಸಿ ಒಳಗೆ ಬಿಟ್ಟುಕೊಂಡಳು.

ಮೂರು ದಿನ ಬೆಕ್ಕು ಹಾಲು ಮುಟ್ಟಲಿಲ್ಲ. ಅವ್ವ ಪಂಜರದ ಮುಂದೆ ಕೂತು ರೊಟ್ಟಿ ಕಿವುಚಿ ಬೆರಳಿನಿಂದ ಬಾಯಿಗೆ ಹಚ್ಚಿದಳು. ಅದು ಮುಖ ತಿರುಗಿಸಿತು. ಅದರ ಬೆನ್ನಿನ ಮೂಳೆ ಒಂದೊಂದಾಗಿ ಕಾಣತೊಡಗಿತು. ನಾಲ್ಕನೆಯ ದಿನ ನಾನು ಗೋಡೆಯ ಮೇಲಿಂದ ಅವ್ವನ ಗೆಳತಿಗೆ ವಿಷಯ ಹೇಳಿದೆ. "ನಿಮ್ಮವ್ವಗ ಗೊತ್ತಾದ್ರ ನನ್ನ ಮುಖ ನೋಡಂಗಿಲ್ರಿ ಆಕಿ" ಎಂದಳು. "ಗೊತ್ತಾಗಂಗಿಲ್ಲ" ಎಂದೆ. ಆಕೆ ಕೋಳಿ ಎಲುಬು ಕುದಿಸಿ, ಸೋಸಿ, ನಾಲ್ಕು ತುಂಡು ನುಣ್ಣಗೆ ಅರೆದು ಹಾಕಿ ಕೊಟ್ಟಳು. ನಾನು ಅದನ್ನು ಕೆಂಪು ಮುಚ್ಚಳದ ಹಳೆಯ ಟಾನಿಕ್ಕಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟು, ಸರ್ಕಾರಿ ಔಷಧ ಎಂದು ಘೋಷಿಸಿದೆ. ಅವ್ವ ನಲವತ್ತು ವರ್ಷದಿಂದ ನಶ್ಯ ಏರಿಸುವವಳು. ಅವಳ ಮೂಗಿಗೆ ಊದುಬತ್ತಿ, ಸೀಮೆಎಣ್ಣೆ ಎರಡೂ ಒಂದೇ. ಆ ನಶ್ಯವೇ ನನ್ನ ಮಾನ ಕಾಪಾಡಿತು.

ಬೆಕ್ಕು ಮೊದಲ ಚಮಚಕ್ಕೇ ಕಣ್ಣು ಬಿಟ್ಟಿತು. ಎರಡನೆಯದಕ್ಕೆ ಚಮಚವನ್ನೇ ಕಚ್ಚಿತು. ವಾರದೊಳಗೆ ಆಯಿಲ್ ಡಬ್ಬಿಯ ಕಾಲರಿನೊಳಗಿಂದ ಕಂಡಕಂಡವರ ಮೇಲೆ ಗುರ್ ಎನ್ನುವಷ್ಟು ಗಟ್ಟಿಯಾಯಿತು. ಅವ್ವನ ಸಂತೋಷಕ್ಕೆ ಪಾರವಿರಲಿಲ್ಲ. ನಮ್ಮ ಕಡೆ ಯಾರಿಗಾದರೂ ಕೈಕಾಲು ಮುರಿದರೆ ಬ್ರೆಡ್ಡು, ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಹೋಗುವ ಪದ್ಧತಿ ಇದೆಯಲ್ಲ, ಹಾಗೆ ಓಣಿಯ ಹೆಂಗಸರು ಬೆಕ್ಕನ್ನು ಮಾತಾಡಿಸಲು ಬಂದರು. ಬಾಳೆಹಣ್ಣು ಬೆಕ್ಕು ತಿನ್ನುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಬರಿಗೈಲಿ ಬರಬಾರದು ಅಷ್ಟೆ. ಹಣ್ಣು ನಾನೇ ತಿಂದೆ. ಬಂದವರೆಲ್ಲರಿಗೂ ಅವ್ವ ಸರ್ಕಾರಿ ಔಷಧದ ಮಹಿಮೆ ಹೇಳಿದಳು. "ಬೀಳುವಾಗ ಕಡ್ಡಿ ಆಗಿತ್ರಿ ನನ್ನ ಯವ್ವ, ಈಗ ನೋಡ್ರಿ!"

ಎಡವಟ್ಟು ಇಲ್ಲಿಂದ ಶುರುವಾಯಿತು. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಅವ್ವ ಮಣಕಾಲು ನೀವಿಕೊಳ್ಳುತ್ತ, "ಬೆಕ್ಕಿನ ಮುರದ ಕಾಲ ಕೂಡೈತಿ ಅಂದಮ್ಯಾಲ ನನ್ನ ಮಣಕಾಲು ಕೂಡಂಗಿಲ್ಲೇನು? ನನಗೂ ಒಂದು ಚಮಚ ಹಾಕು" ಎಂದಳು.

ನಾನು ಫ್ರಿಜ್ಜಿಗೆ ಅಡ್ಡ ನಿಂತೆ. "ಅದು ಪ್ರಾಣಿಗಳದವ್ವ!"

"ಮೂಳಿ ಅಂದ್ರ ಮೂಳಿನ. ನೀನ ಹೇಳೀದಿ, ಮನುಷ್ಯಾನೂ ಪ್ರಾಣಿ ಅಂತ."

ಹೇಳಿದ್ದೆ, ಯಾವಾಗಲೋ, ಶಾಣ್ಯಾತನ ತೋರಿಸಲು. ಆಗ ಅಡುಗೆಮನೆಯಿಂದ ನನ್ನ ಹೆಂಡತಿ, "ಮನುಷ್ಯರದು ಬ್ಯಾರೆ ಬರತೈತ್ರಿ ಅತ್ತಿ, ಬಿಳಿ ಮುಚ್ಚಳದ್ದು. ನಾಳಿ ತರಸ್ತೀನಿ" ಎಂದು ಮನೆಯ ಮರ್ಯಾದೆ ಉಳಿಸಿದಳು. ಮರುದಿನದಿಂದ ದಿನಾ ಬೆಳಿಗ್ಗೆ ಹೆಸರುಬೇಳೆ ಬೇಯಿಸಿ, ಕಟ್ಟು ಬಸಿದು, ಉಪ್ಪು ಮೆಣಸು ಹಾಕಿ, ಬಿಳಿ ಮುಚ್ಚಳದ ಬಾಟಲಿಗೆ ತುಂಬಿಟ್ಟಳು. ಅವ್ವ ಕಣ್ಣು ಮುಚ್ಚಿ, ಲಿಂಗಕ್ಕೆ ಕೈಮುಗಿದು, ಎರಡು ಚಮಚ ಕುಡಿಯುತ್ತಿದ್ದಳು. ಐದನೆಯ ದಿನ ಗೋಡೆ ಹಿಡಿಯದೆ ಹಿತ್ತಲಿಗೆ ಹೋದಳು. ಎಂಟನೆಯ ದಿನ ಗುಡಿಗೆ ನಡೆದುಕೊಂಡು ಹೋಗಿಬಂದಳು. ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದವನಿಗೆ ಬೇಳೆಕಟ್ಟಿನ ಈ ಶಕ್ತಿ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಓಣಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮಣಕಾಲು, ಸೊಂಟ, ಹಿಮ್ಮಡಿ ನೋಯುವವರೆಲ್ಲ ಖಾಲಿ ಬಾಟಲಿ ಹಿಡಿದು ಬಂದರು. ಒಬ್ಬಾಕೆ ತೆಲಿಗಿಯಲ್ಲಿರುವ ತನ್ನ ಬೀಗತಿಗೂ ಬಸ್ಸಿನಲ್ಲಿ ಕಳಿಸಿದಳಂತೆ. ನನ್ನ ಹೆಂಡತಿ ಸಣ್ಣ ಕುಕ್ಕರ್ ಎತ್ತಿಟ್ಟು ದೊಡ್ಡದನ್ನು ಇಳಿಸಿದಳು. "ನೀವು ಹೇಳಿದ ಒಂದ ಒಂದು ಸುಳ್ಳಿಗೆ ನಾ ದಿನಾ ಸೇರು ಬ್ಯಾಳಿ ಕುದಸಾಕತ್ತೀನಿ" ಎಂದು ಚಮಚ ಕುಕ್ಕಿದಳು. ಬೆಕ್ಕಿನ ಕಾಲಿಗೆ ಇನ್ನು ಎರಡೇ ವಾರ ಬೇಕಿತ್ತು. ಅಷ್ಟು ದಿನ ತಳ್ಳಿಬಿಟ್ಟರೆ ಕೆಂಪು ಮುಚ್ಚಳ, ಬಿಳಿ ಮುಚ್ಚಳ ಎರಡೂ ಮುಗಿದುಹೋಗುತ್ತವೆ, ನೀಲಿ ಶೀಟಿನ ಸುದ್ದಿಯೂ ಅವುಗಳ ಜೊತೆಗೇ ಮುಗಿಯುತ್ತದೆ ಎಂದುಕೊಂಡಿದ್ದೆ.

ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. ನಡುಮನೆಯಲ್ಲಿ ಐದಾರು ಹೆಂಗಸರು. ನಡುವೆ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಮಾಗಳದಿಂದ ಮಣಕಾಲಿಗಾಗಿಯೇ ಬಸ್ ಹತ್ತಿ ಬಂದಿದ್ದಳು. ಆಚಾರದಲ್ಲಿ ಆಕೆ ಅವ್ವನಿಗೂ ಅಕ್ಕ. ಹೊಳೆಯ ದಂಡೆಯ ಊರವಳಾದರೂ ಮೀನಿನ ಬುಟ್ಟಿ ಎದುರಾದರೆ ಆ ದಿನದ ಪ್ರಯಾಣ ರದ್ದು ಮಾಡುವವಳು. ಈಗ ಗವಾಕ್ಷಿಯ ನೀಲಿ ಬೆಳಕಿನ ಕೆಳಗೆ ತಲೆ ಮೇಲೆತ್ತಿ, ಬಾಯಿ ತೆರೆದು ಕೂತಿದ್ದಳು. ಬಿಳಿ ಮುಚ್ಚಳದ ಬಾಟಲಿ ಖಾಲಿಯಾಗಿ ಪಕ್ಕಕ್ಕೆ ಬಿದ್ದಿತ್ತು. ಅವ್ವನ ಕೈಯಲ್ಲಿ ಕೆಂಪು ಮುಚ್ಚಳದ ಬಾಟಲಿ.

"ಇದು ಇನ್ನೂ ಖಡಕ್ ಇರತೈತಕ್ಕ, ಮುರದ ಎಲುಬನ್ನ ಕೂಡಿಸೇತಿ" ಎನ್ನುತ್ತ ಅವ್ವ ಚಮಚವನ್ನು ದೊಡ್ಡವ್ವನ ತುಟಿಯ ಹತ್ತಿರ ಒಯ್ದಳು.

ಚಪ್ಪಲಿ ಬಿಡಲೂ ಹೊತ್ತಿರಲಿಲ್ಲ. "ಬ್ಯಾಡವ್ವಾ! ಅದು ಕೋಳಿ!" ಎಂದು ಚೀರಿದೆ.

ಚಮಚ ನೆಲಕ್ಕೆ ಬಿತ್ತು. ಪಂಜರದೊಳಗಿನ ಬೆಕ್ಕು ಚೆಲ್ಲಿದ ಔಷಧದ ಕಡೆ ಕತ್ತು ಚಾಚಿ ಮಿಯಾಂವ್ ಎಂದಿತು. ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿಗೆ ಸೆರಗು ಒತ್ತಿಕೊಂಡರು. "ಹಂಗಾದ್ರ ನಾವು ಇಷ್ಟು ದಿನ ಕುಡದದ್ದು?" ಎಂದು ಒಬ್ಬಾಕೆ ಕೇಳಿದಳು.

"ಅದು ಬರೇ ಹೆಸರುಬ್ಯಾಳಿ ಕಟ್ರಿ, ನನ್ನಾಣಿ" ಎಂದಳು ನನ್ನ ಹೆಂಡತಿ.

ಅವರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಮೋಸವಾಯಿತು ಎಂದರು. ನೆಟ್ಟಗೆ ನಡೆದು ಬಂದವರು ಹೋಗುವಾಗ ಕುಂಟುತ್ತ ಹೋದರು. ದೊಡ್ಡವ್ವ ತುಟಿಗೆ ತಾಗದ ಔಷಧಕ್ಕಾಗಿ ಹನ್ನೆರಡು ಸಲ ಬಾಯಿ ಮುಕ್ಕಳಿಸಿ, "ಇನ್ನ ಈ ಮನಿ ನೀರು ಮುಟ್ಟಿದ್ರ ಕೇಳು" ಎಂದು ಹಡಗಲಿ ಬಸ್ಸಿಗೆ ಹೋದಳು. ಮುಂದಿನ ತಿಂಗಳು ಹೋಳಿಗೆಗೆ ಬಂದಳು, ಆ ಮಾತು ಬೇರೆ.

ಅವ್ವ ಬಾಟಲಿಯನ್ನು ಹಿತ್ತಲಿನ ಆಚೆ ಇಟ್ಟು ಬಂದು, ಮನೆಯನ್ನೆಲ್ಲ ಸಾರಿಸಿ, ಮಿಂದು, ಲಿಂಗಪೂಜೆಗೆ ಕೂತಳು. ಎಂದೂ ಅಷ್ಟು ಹೊತ್ತು ಪೂಜೆ ಮಾಡಿದವಳಲ್ಲ. ಊಟಕ್ಕೆ ಏಳಲಿಲ್ಲ. ಬೆಕ್ಕಿಗೂ ಊಟವಿಲ್ಲ. ಮನೆಯೊಳಗೆ ಇನ್ನು ಆ ರಸ ತರುವ ಧೈರ್ಯ ಯಾರಿಗಿದೆ? ಭಾನುವಾರ ಬೆಳಿಗ್ಗೆ ಅವ್ವ ಹಾಲಿನ ಬಟ್ಟಲು ಪಂಜರದೊಳಗೆ ಸರಿಸಿದಳು. ಬೆಕ್ಕು ಮೂಸಿ, ಹಿಂದೆ ಸರಿದು, ಅವ್ವನನ್ನೇ ನೋಡುತ್ತ ಕೂತಿತು. ಬೆಕ್ಕಿನ ಎಲುಬು ಪೂರ್ತಿ ಕೂಡಿರಲಿಲ್ಲ. ಅವ್ವನ ನೇಮ ಕೆಟ್ಟಿರಲಿಲ್ಲ. ಎರಡರಲ್ಲಿ ಒಂದು ಉಳಿಯಬೇಕಿತ್ತು. ನಾನು ಪೇಪರ್ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದೆ, ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ.

ಹನ್ನೆರಡು ಗಂಟೆಗೆ ಅವ್ವ ಎದ್ದಳು. ಬೆಕ್ಕನ್ನು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಎತ್ತಿಕೊಂಡು, ಬೀದಿಯ ಕಡೆಯಿಂದಲೇ, ಎಲ್ಲರಿಗೂ ಕಾಣುವಂತೆ ಪಕ್ಕದ ಮನೆಗೆ ನಡೆದಳು. ನಾನು ಹಿಂದೆಯೇ ಹೋದೆ. ಗೆಳತಿ ಬಾಗಿಲಿಗೆ ಬಂದವಳು ಹೆದರಿ ನಿಂತಳು. ಅವ್ವ ಅವರ ಹೊರಗಿನ ಕಟ್ಟೆಯ ಮೇಲೆ ಬೆಕ್ಕನ್ನು ಇಳಿಸಿ, ತಾನು ಬೇವಿನ ಮರದ ಕಡೆ ಮುಖ ತಿರುಗಿಸಿಕೊಂಡು ಕೂತಳು.

"ಏನ ಹಾಕ್ತಿಯೋ ಹಾಕವ್ವ. ನಾ ಮರ ನೋಡ್ತೀನಿ."

ಗೆಳತಿ ಅತ್ತಳು. ಆಮೇಲೆ ಬಟ್ಟಲು ತಂದಳು. ಬೆಕ್ಕು ಸದ್ದು ಮಾಡಿಕೊಂಡು ತಿಂದಿತು. ಅವ್ವ ಬೇವಿನ ಮರಕ್ಕೇ ಹೇಳುವವಳಂತೆ, "ಹೊರಗ ತಿಂದು ಮನಿಗೆ ಬರೋರು ನಮ್ಮ ಮನ್ಯಾಗ ಹೊಸಬರೇನಲ್ಲ. ಇವರಪ್ಪ ಸಂತಿಗೆ ಹೋದಾಗ ಏನ ತಿಂತಿದ್ದ ಅಂತ ನಾ ಎಂದೂ ಕೇಳಲಿಲ್ಲ. ಬೊಮ್ಮನಹಳ್ಳಿಗೆ ಮೀಟಿಂಗಿಗೆ ಹೋಗೋರನ್ನೂ ಕೇಳಿಲ್ಲ" ಎಂದಳು. ನಾನು ಅಭ್ಯಾಸಬಲದಿಂದ ಮೀಸೆ ಒರೆಸಿಕೊಂಡೆ.

ಬೆಕ್ಕು ತಿಂದು ಮುಗಿಸಿ ಮುಖ ನೆಕ್ಕಿಕೊಳ್ಳಲು ಹೋಗಿ, ಆಯಿಲ್ ಡಬ್ಬಿಯನ್ನೇ ನೆಕ್ಕಿತು. ಗೆಳತಿ ಬಟ್ಟಲು ತೊಳೆಯಲು ಒಳಗೆ ಹೋದಳು. ಈಗ ಎಲ್ಲ ಮುಗಿಯಿತು ಎಂದು ನನ್ನ ಎದೆ ಹಗುರಾಗಿತ್ತು. ಅವ್ವ ಅಡಕೆ ಸಂಚಿ ಬಿಚ್ಚಿ ನಶ್ಯದ ಡಬ್ಬಿ ತೆಗೆದಳು, ಒಂದು ಚಿಟಿಕೆ ಏರಿಸಿದಳು.

"ಕೋಳಿ ವಿಷಯ ಹೇಳಿದಿ. ಇನ್ನೊಂದು ಹೇಳಾಕ ಉಳದೈತೇನೋ?"

"ಏನವ್ವ?"

ಅವ್ವ ಸಂಚಿಯ ಒಳಜೇಬಿಗೆ ಬೆರಳು ಹಾಕಿ ಏನನ್ನೋ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಹೆಬ್ಬೆರಳಿನಷ್ಟು ದೊಡ್ಡ ನೀಲಿ ಫೈಬರ್ ಚೂರು. ಅದರ ಅಂಚಿಗೆ ಎರಡು ಕೂದಲು ಅಂಟಿಕೊಂಡಿದ್ದವು, ಬೆಕ್ಕಿನವು.

"ಅವತ್ತ ಸಂಜಿಗೆ ಜ್ವಾಳ ಹಸನು ಮಾಡುವಾಗ ಮೊರದಾಗ ಸಿಕ್ಕಿತು. ನಾಯಿ ಕಚ್ಚಿದ್ರ ಹಲ್ಲಿನ ಗುರುತಿರತೈತಿ, ಅಷ್ಟೂ ತಿಳೀದೇನು ನನಗ? ನೀನ ಹೇಳ್ತಿ ಅಂತ ಕಾದೆ. ತಿಂಗಳಾತು."

ಐವತ್ತರ ಹತ್ತಿರದ ಮನುಷ್ಯ, ಶಾಲೆಯಲ್ಲಿ ಎದ್ದು ನಿಂತು ನಿಜ ಹೇಳು ಎಂದು ಮಕ್ಕಳ ಕಿವಿ ಹಿಂಡುವವನು, ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. "ನನ್ನ ತಪ್ಪವ್ವ. ನಾನ ಮುಚ್ಚಿದ್ದೆ. ಅದು ಅಲ್ಲಿಂದ ಬರತೈತಿ ಅಂತ ನೆನಪ ಆಗಲಿಲ್ಲ" ಎಂದೆ. ಎರಡು ಬಾಟಲಿ, ಒಂದು ಜೋಡಿ ಗಿಳಿ, ದಿನಕ್ಕೊಂದು ಸೇರು ಬೇಳೆ, ಇಷ್ಟೆಲ್ಲ ಕಟ್ಟಿಕೊಂಡು ಒದ್ದಾಡಿದ್ದು ಈ ಎರಡು ಮಾತು ಹೇಳಲಾಗದೆ. ಅವ್ವ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

"ಹೋಗಿ ಆ ಶೀಟು ತೆಗಿ" ಎಂದಳು.

ಆಗಲೇ ಮಾಳಿಗೆ ಹತ್ತಿ ತೆಗೆದೆ. ಎರಡು ವಾರಕ್ಕೆ ಪಟ್ಟಿ ಬಿಚ್ಚಿದರು. ಕಾಲು ಕೂಡಿತ್ತು, ನಡಿಗೆಯಲ್ಲಿ ಸ್ವಲ್ಪ ಎಳೆತ ಉಳಿಯಿತು, ಅಷ್ಟೆ. ಈಗಲೂ ದಿನಾ ಹನ್ನೆರಡಕ್ಕೆ ಅದು ಪಕ್ಕದ ಮನೆಯ ಕಟ್ಟೆಗೆ ಹೋಗುತ್ತದೆ, ಅವ್ವ ಬೇವಿನ ಮರ ನೋಡುತ್ತ ಗೆಳತಿಯ ಜೊತೆ ಹರಟುತ್ತಾಳೆ. ನಮ್ಮ ಬೆಕ್ಕು ಸಸ್ಯಾಹಾರಿ ಎಂದು ಅವ್ವ ಈಗ ಹೇಳುವುದಿಲ್ಲ, ಮನೆಯೊಳಗೆ ಸಸ್ಯಾಹಾರಿ ಎನ್ನುತ್ತಾಳೆ. ಹಾಗೆ ನೋಡಿದರೆ ನಾನೂ ಅದೇ.

ಬೆಕ್ಕು ಮಾತ್ರ ಗವಾಕ್ಷಿಯಿಂದ ಬರುವುದನ್ನು ಬಿಟ್ಟಿದೆ. ಹಿತ್ತಲ ಬಾಗಿಲಿನಿಂದ ಬರುತ್ತದೆ, ನಡುಮನೆಗೆ ಬಂದಾಗ ಒಮ್ಮೆ ತಲೆಯೆತ್ತಿ ಆ ಚೌಕದ ಬೆಳಕನ್ನು ನೋಡುತ್ತದೆ, ಆಮೇಲೆ ನನ್ನನ್ನು ನೋಡುತ್ತದೆ, ಆಮೇಲೆ ಹೋಗಿ ಕೌದಿಯ ಮೇಲೆ ಮಲಗುತ್ತದೆ. ಮಂಗಗಳು ಹಪ್ಪಳ ಒಯ್ಯುತ್ತಲೇ ಇವೆ. ಮಳೆ ಬಂದರೆ ಕೆಳಗೆ ಬಕೀಟು ಇಡುತ್ತೇವೆ. ಕಳೆದ ಸಲ ಬಕೀಟು ಎತ್ತಿ ಸಾಕಾಗಿ, "ಅವ್ವ, ಅದು ಹೆಂಗೂ ಅಲ್ಲಿಂದ ಬರಂಗಿಲ್ಲ, ಮುಚ್ಚಲೇನು?" ಎಂದು ಕೇಳಿದೆ.

"ಒಂದ ಸಲ ಅಲ್ಲಿಂದ ಇಳದು ಬರಲಿ" ಎಂದಳು ಅವ್ವ, ಬೆಕ್ಕಿನ ಬೆನ್ನು ಸವರುತ್ತ. "ನಿನ್ನ ಮ್ಯಾಲ ಅದಕ್ಕ ಮತ್ತ ನಂಬಿಕಿ ಬಂದೈತಿ ಅಂತ ಗೊತ್ತಾಗಲಿ. ಆಮ್ಯಾಲ ಬೇಕಾದ್ರ ಮುಚ್ಚು."

ನಾನು ಬಕೀಟಿನ ನೀರು ಹಿತ್ತಲಿಗೆ ಚೆಲ್ಲಿ ಬಂದು, ಮತ್ತೆ ಅದರ ಜಾಗದಲ್ಲೇ ಇಟ್ಟೆ.